ಕಿಡ್ನಿ ನಾರುಗಟ್ಟುವುದೇಕೆ? ಮುಪ್ಪಿನ ಲೆಕ್ಕ, ಅರೆಹೊಟ್ಟೆಯ ಲೆಕ್ಕ

ಕಿಡ್ನಿಯ ಒಂದು ಚೂರನ್ನು ಕೂದಲಿಗಿಂತ ಹತ್ತಿಪ್ಪತ್ತು ಪಟ್ಟು ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲಿಟ್ಟು, ಮ್ಯಾಸನ್ ಟ್ರೈಕ್ರೋಮ್ ಎಂಬ ಬಣ್ಣ ಕುಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಇಪ್ಪತ್ತೈದರ ಹರೆಯದವರ ಕಿಡ್ನಿಯಾದರೆ ಕಾಣುವುದು ಬಹುಪಾಲು ಕೆಂಪು. ಸೋಸಿದ ದ್ರವ ಹರಿಯುವ ದುಂಡು ದುಂಡಾದ ಸಣ್ಣ ನಾಳಗಳು ಒಂದಕ್ಕೊಂದು ಬೆನ್ನು ಹಚ್ಚಿಕೊಂಡು ಕೂತಿರುತ್ತವೆ. ನಡುವೆ ಗೆರೆ ಎಳೆದಷ್ಟು ನೀಲಿ. ಎಪ್ಪತ್ತೈದರವರ ಕಿಡ್ನಿಯಲ್ಲಿ ಅದೇ ನೀಲಿ ಅಲ್ಲಲ್ಲಿ ಹರಡಿಕೊಂಡಿರುತ್ತದೆ. ನಾಳಗಳು ಒಂದನ್ನೊಂದು ಬಿಟ್ಟು ದೂರ ಸರಿದಿರುತ್ತವೆ, ಕೆಲವು ಬತ್ತಿ ಸಣಕಲಾಗಿರುತ್ತವೆ. ರಕ್ತ ಸೋಸುವ ಉಂಡೆಗಳಲ್ಲಿ ಕೆಲವಂತೂ ಪೂರಾ ನೀಲಿಗಟ್ಟಿ, ಒಳಗೆ ಏನೂ ಹರಿಯದ ಗಟ್ಟಿ ಗೋಲಿಗಳಾಗಿಬಿಟ್ಟಿರುತ್ತವೆ. ಆ ನೀಲಿಯೇ ಕೊಲಾಜನ್. ಗಾಯ ಮಾಯ್ದ ಮೇಲೆ ಚರ್ಮದ ಮೇಲೆ ಉಳಿಯುವ ಕಲೆಯೂ ಅದರದ್ದೇ. ಕಿಡ್ನಿಯೊಳಗೆ ಅದು ಮಿತಿಮೀರಿ ತುಂಬಿಕೊಳ್ಳುವುದಕ್ಕೆ ವೈದ್ಯರು ಫೈಬ್ರೋಸಿಸ್ ಅನ್ನುತ್ತಾರೆ. ಕನ್ನಡದಲ್ಲಿ ನಾರುಗಟ್ಟುವುದು ಅಂದರೆ ಸಾಕು.

ಈ ಎಪ್ಪತ್ತೈದರವರಿಗೆ ಕಿಡ್ನಿ ಕಾಯಿಲೆ ಇದೆ ಅಂದುಕೊಳ್ಳಬೇಡಿ. ಇರಲೇಬೇಕೆಂದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು ಕಿಡ್ನಿ ದಾನಿಗಳ, ಅಂದರೆ ಎಲ್ಲ ತಪಾಸಣೆಯಲ್ಲೂ ಪಾಸಾದ ಗಟ್ಟಿಮುಟ್ಟು ಜನರ, ಕಿಡ್ನಿಯ ಚೂರುಗಳನ್ನು ಹೀಗೆ ನೋಡಿ 2010ರಲ್ಲಿ ಲೆಕ್ಕ ಕೊಟ್ಟರು. ಸುಮಾರು 1,200 ದಾನಿಗಳು. ಉಂಡೆ ಗಟ್ಟಿಯಾಗುವುದು, ನಾಳ ಬತ್ತುವುದು, ನಾರು ತುಂಬುವುದು, ರಕ್ತನಾಳದ ಗೋಡೆ ದಪ್ಪಗಾಗುವುದು, ಈ ನಾಲ್ಕರಲ್ಲಿ ಎರಡಾದರೂ ಕಂಡವರು 18ರಿಂದ 29ರ ವಯಸ್ಸಿನಲ್ಲಿ ನೂರಕ್ಕೆ ಮೂವರೂ ಇರಲಿಲ್ಲ. 70 ದಾಟಿದವರಲ್ಲಿ ನೂರಕ್ಕೆ 73 ಮಂದಿ. 2017ರಲ್ಲಿ ಅದೇ ಸಂಸ್ಥೆಯಿಂದ ಇನ್ನೊಂದು ಲೆಕ್ಕ ಬಂತು. ಸೋಸುವ ಉಂಡೆಗೆ ಗ್ಲೊಮೆರುಲಸ್ ಎಂದು ಹೆಸರು. ನಾಲಿಗೆ ತೊಡರುವುದರಿಂದ ಇಲ್ಲಿ ಸೋಸುಂಡೆ ಅನ್ನುತ್ತೇನೆ. ಹರೆಯದವರ ಒಂದು ಕಿಡ್ನಿಯಲ್ಲಿ ಕೆಲಸ ಮಾಡುವ ಸೋಸುಂಡೆಗಳು ಸರಾಸರಿ 9.9 ಲಕ್ಷ. 70ರಿಂದ 75ರವರಲ್ಲಿ 5.2 ಲಕ್ಷ. ಗಟ್ಟಿಗೋಲಿಯಾಗಿ ಕಣ್ಣಿಗೆ ಕಂಡವು 1.4 ಲಕ್ಷ ಮಾತ್ರ. ಉಳಿದವು ಕರಗಿ, ಗುರುತೂ ಉಳಿಸದೆ ಹೋಗಿದ್ದವು.

ಅರ್ಧದಷ್ಟು ಹೋದರೂ ಮನುಷ್ಯನಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಕಿಡ್ನಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸರಂಜಾಮು ಇದೆ. ಸಾಮಾನ್ಯವಾಗಿ ಮೂವತ್ತು–ನಲವತ್ತರ ನಂತರ ಸೋಸುವ ವೇಗ ವರ್ಷಕ್ಕೆ ನಿಮಿಷಕ್ಕೊಂದು ಮಿಲಿಲೀಟರ್‌ನ ಆಸುಪಾಸಿನಲ್ಲಿ ಇಳಿಯುತ್ತದೆ. ಎಲ್ಲರಲ್ಲೂ ಅಲ್ಲ. 1958ರಲ್ಲಿ ಶುರುವಾದ ಬಾಲ್ಟಿಮೋರ್‌ನ ಮುಪ್ಪಿನ ಅಧ್ಯಯನ ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿತು. 1985ರಲ್ಲಿ ಬಂದ ಅದರ ವರದಿಯಲ್ಲಿ ಕಿಡ್ನಿ ಕಾಯಿಲೆ ಇಲ್ಲದವರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಕೆಯೇ ಇರಲಿಲ್ಲ. ಈ ಒಂದು ಸಂಗತಿ ಇಲ್ಲದಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ. ವಯಸ್ಸಾಗುವುದು ಎಲ್ಲರಿಗೂ ಒಂದೇ ಲೆಕ್ಕ, ನಾರುಗಟ್ಟುವುದು ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಅಂದಮೇಲೆ, ನಡುವೆ ಕೈಹಾಕಬಹುದಾದ ಏನೋ ಇದೆ. ಕಡಿಮೆ ಊಟ ಅಂಥದ್ದೊಂದೇ ಎಂಬುದು ಇಲ್ಲಿನ ಪ್ರಶ್ನೆ.

ಹೊಲಿದವನು ಸೂಜಿ ಕೆಳಗಿಡದಿದ್ದರೆ

ನಾರು ಶತ್ರುವಲ್ಲ. ಅದು ರಿಪೇರಿಯ ಸಾಮಾನು. ಕಿಡ್ನಿಯ ಒಂದು ಜೀವಕೋಶಕ್ಕೆ ಪೆಟ್ಟಾದರೆ ಅದು ರಾಸಾಯನಿಕ ಕೂಗು ಹಾಕುತ್ತದೆ. ಆ ಕೂಗುಗಳಲ್ಲಿ ದೊಡ್ಡದು ಟಿಜಿಎಫ್-ಬೀಟಾ ಎಂಬ ಪ್ರೋಟೀನು. ಅದನ್ನು ಕೇಳಿಸಿಕೊಂಡ ಅಕ್ಕಪಕ್ಕದ ಸಾಧಾರಣ ಕೋಶಗಳು ವೇಷ ಬದಲಿಸಿ ಮಯೋಫೈಬ್ರೋಬ್ಲಾಸ್ಟ್‌ಗಳಾಗುತ್ತವೆ. ಹೆಸರೇ ಹೇಳುವಂತೆ ಅರ್ಧ ಸ್ನಾಯು, ಅರ್ಧ ನಾರಿನ ಕಾರ್ಖಾನೆ. ಕೊಲಾಜನ್ ಉಗುಳಿ ತೂತು ಮುಚ್ಚುತ್ತವೆ, ಎಳೆದು ಬಿಗಿ ಮಾಡುತ್ತವೆ. ಹರೆಯದಲ್ಲಿ ಕೆಲಸ ಮುಗಿದ ಮೇಲೆ ಅವು ಸಾಯುತ್ತವೆ ಇಲ್ಲವೆ ಹಳೆಯ ವೇಷಕ್ಕೆ ಮರಳುತ್ತವೆ. ಹೆಚ್ಚಾದ ಕೊಲಾಜನ್ನನ್ನು ಕತ್ತರಿಸಿ ಸಾಗಿಸಲು ಬೇರೆ ಕಿಣ್ವಗಳಿವೆ. ಗುರುತೂ ಉಳಿಯದಂತೆ ಮಾಯುತ್ತದೆ.

ಮುಪ್ಪಿನಲ್ಲಿ ಕೆಡುವುದು ಈ ಕಡೆಯ ಭಾಗ. ಪುಟ್ಟ ಪುಟ್ಟ ಪೆಟ್ಟುಗಳು ನಿಲ್ಲುವುದಿಲ್ಲ, ಕೂಗು ನಿಲ್ಲುವುದಿಲ್ಲ, ಕತ್ತರಿಸುವ ಕಿಣ್ವಗಳನ್ನು ತಡೆಯುವ ಪ್ರೋಟೀನುಗಳು ಹೆಚ್ಚುತ್ತವೆ. ಹೊಲಿಯುವವನು ಬಟ್ಟೆ ಸರಿಯಾದ ಮೇಲೂ ಹೊಲಿಯುತ್ತಲೇ ಇದ್ದರೆ ಕೊನೆಗೆ ಬಟ್ಟೆಯೇ ಕಾಣದೆ ದಾರವಷ್ಟೇ ಉಳಿಯುತ್ತದಲ್ಲ, ಹಾಗೆ.

ಹಾಗಾದರೆ ಕೂಗುವವರು ಯಾರು? ಹೆಚ್ಚಿನ ಪಾಲು ನಾಳದ ಮೊದಲ ತುಂಡಿನ ಕೋಶಗಳು. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಗೆ ಹೋಗುವುದು ಒಂದೂವರೆ–ಎರಡು ಲೀಟರ್ ಮೂತ್ರ. ಉಳಿದದ್ದನ್ನೆಲ್ಲ ವಾಪಸು ಎಳೆದುಕೊಳ್ಳಬೇಕು. ಉಪ್ಪು, ಸಕ್ಕರೆ, ಅಮೈನೊ ಆಮ್ಲ, ಒಂದನ್ನೂ ಬಿಡುವಂತಿಲ್ಲ. ಈ ಎಳೆದಾಟದ ದೊಡ್ಡ ಪಾಲು ಆ ಮೊದಲ ತುಂಡಿನ ಮೇಲೆ ಬೀಳುತ್ತದೆ. ಹೃದಯದ ಸ್ನಾಯುವಿನಂತೆ ಅಲ್ಲಿಯೂ ಕೋಶದ ತುಂಬ ಶಕ್ತಿ ತಯಾರಿಸುವ ಒಲೆಗಳು, ಅಂದರೆ ಮೈಟೊಕಾಂಡ್ರಿಯಗಳು, ಅವಕ್ಕೆ ಮುಖ್ಯ ಸೌದೆ ಕೊಬ್ಬು. ವಯಸ್ಸಾದಂತೆ ಮೈಟೊಕಾಂಡ್ರಿಯಗಳು ಸವೆಯುತ್ತವೆ, ಕೊಬ್ಬು ಸುಡುವ ಜೀನ್‌ಗಳ ಸದ್ದಡಗುತ್ತದೆ. ಸುಡದ ಕೊಬ್ಬು ಕೋಶದೊಳಗೆ ಹನಿಹನಿಯಾಗಿ ನಿಲ್ಲುತ್ತದೆ, ಹೊಗೆಯಂತೆ, ಕೋಶಕ್ಕೆ ಹಾನಿ ಮಾಡುವ ಆಕ್ಸಿಡೆಂಟುಗಳೆಂಬ ರಾಸಾಯನಿಕಗಳು ಹೊಮ್ಮುತ್ತವೆ. 2015ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು ನಾರುಗಟ್ಟಿದ ಮನುಷ್ಯರ ಕಿಡ್ನಿಗಳಲ್ಲಿ ಇದೇ ಕೊಬ್ಬು ಸುಡುವ ವ್ಯವಸ್ಥೆ ಕುಸಿದಿರುವುದನ್ನು ತೋರಿಸಿತು. ಮೇಲಾಗಿ ಇಲಿಗಳಲ್ಲಿ ಅದನ್ನು ಮತ್ತೆ ಹೊತ್ತಿಸಿದರೆ ನಾರು ಕಡಿಮೆಯಾಗುತ್ತದೆ ಎಂಬುದನ್ನೂ ತೋರಿಸಿತು. ಅಂದರೆ ಒಲೆ ಆರುವುದು ನಾರಿನ ಫಲ ಮಾತ್ರವಲ್ಲ, ಕಾರಣವೂ ಹೌದು.

ಹೀಗೆ ದಣಿದ ಕೋಶ ಸಾಯಬೇಕಿತ್ತು. ಬಹಳ ಸಲ ಸಾಯುವುದಿಲ್ಲ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯ ಕೋಶಗಳು ಇಂತಿಷ್ಟೇ ಸಲ ಒಡೆದು ಆಮೇಲೆ ನಿಂತುಬಿಡುತ್ತವೆ ಎಂದು ಕಂಡುಕೊಂಡಿದ್ದರು. ಅಂಥ ಮುದಿ ಕೋಶಗಳು ವಯಸ್ಸಾದ ಕಿಡ್ನಿಯಲ್ಲಿ ಸೇರಿಕೊಳ್ಳುತ್ತವೆ. ಪಿ16 ಎಂಬ ಪ್ರೋಟೀನು ಅವುಗಳ ಗುರುತು. ಸಾಯುವುದೂ ಇಲ್ಲ, ದುಡಿಯುವುದೂ ಇಲ್ಲ, ಸುಮ್ಮನೆಯೂ ಇರುವುದಿಲ್ಲ. ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನೂ ಟಿಜಿಎಫ್-ಬೀಟಾವನ್ನೂ ಸುತ್ತ ಸುರಿಯುತ್ತಾ ಕೂರುತ್ತವೆ. ಅಕ್ಕಪಕ್ಕದ ಒಳ್ಳೆಯ ಕೋಶಗಳೂ ಅದರಿಂದ ಮುದಿಯಾಗುತ್ತವೆ. 2016ರಲ್ಲಿ ಮೇಯೊದ ಇನ್ನೊಂದು ತಂಡ ಇಲಿಗಳಲ್ಲಿ ಪಿ16 ಇರುವ ಕೋಶಗಳನ್ನು ಆಗಾಗ ಔಷಧಿಯಿಂದ ಕೊಲ್ಲುವ ಏರ್ಪಾಡು ಮಾಡಿತ್ತು. ಸೋಸುಂಡೆಗಳು ಗಟ್ಟಿಯಾಗುವುದು ಕಡಿಮೆಯಾಯಿತು, ಇಲಿಗಳು ಹೆಚ್ಚು ದಿನ ಬದುಕಿದವು.

ಇನ್ನೊಂದು ಕಡೆ ಬ್ರೇಕು ಸಡಿಲವಾಗುತ್ತದೆ. 1997ರಲ್ಲಿ ಜಪಾನಿನ ಮಕೊಟೊ ಕುರೊ-ಒ ಮತ್ತು ಸಂಗಡಿಗರು ಒಂದು ಜೀನ್ ಕೆಟ್ಟ ಇಲಿಗಳು ಎಳೆ ವಯಸ್ಸಿಗೇ ಮುದುಕರಂತಾಗುವುದನ್ನು ಕಂಡು ಆ ಜೀನ್‌ಗೆ ಕ್ಲೋಥೊ ಎಂದು ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಆಯುಸ್ಸಿನ ದಾರ ನೂಲುವ ದೇವತೆ ಅವಳು. ಈ ಪ್ರೋಟೀನು ಹೆಚ್ಚಾಗಿ ತಯಾರಾಗುವುದು ಕಿಡ್ನಿಯಲ್ಲೇ, ಟಿಜಿಎಫ್-ಬೀಟಾದ ಕೂಗನ್ನು ತಗ್ಗಿಸುವುದು ಅದರ ಕೆಲಸಗಳಲ್ಲೊಂದು. ಕಿಡ್ನಿಗೆ ವಯಸ್ಸಾದಷ್ಟೂ ಕ್ಲೋಥೊ ಕಡಿಮೆ, ಕ್ಲೋಥೊ ಕಡಿಮೆಯಾದಷ್ಟೂ ಕಿಡ್ನಿಗೆ ವಯಸ್ಸು.

ನನಗೆ ಇದರಲ್ಲೆಲ್ಲ ಅತಿ ಕ್ರೂರ ಅನ್ನಿಸುವುದು ರಕ್ತನಾಳಗಳ ಕತೆ. ನಾಳಗಳ ಸುತ್ತ ಕೂದಲಿನಂಥ ಲೋಮನಾಳಗಳ ಜಾಲವಿದೆ. ಆ ಜಾಲವನ್ನು ಹೊರಗಿನಿಂದ ಅಪ್ಪಿ ಹಿಡಿದು ಬಿಗಿಯಾಗಿ ನಿಲ್ಲಿಸುವ ಕೋಶಗಳಿಗೆ ಪೆರಿಸೈಟ್ ಅನ್ನುತ್ತಾರೆ. ಮಯೋಫೈಬ್ರೋಬ್ಲಾಸ್ಟ್ ಆಗಲು ಕರೆ ಬಂದಾಗ ಓಡುವವರಲ್ಲಿ ಇವರೂ ಇದ್ದಾರೆ. ಅಪ್ಪುಗೆ ಬಿಟ್ಟು ಹೊರಟುಹೋಗುತ್ತಾರೆ. ಹಿಡಿದವರಿಲ್ಲದ ಲೋಮನಾಳ ಸೋರುತ್ತದೆ, ಸೊರಗುತ್ತದೆ, ಮುಚ್ಚಿಹೋಗುತ್ತದೆ. ಅಲ್ಲಿಗೆ ಆಕ್ಸಿಜನ್ ಬರುವುದು ಕಡಿಮೆಯಾಗುತ್ತದೆ. ಮೊದಲೇ ಏದುಸಿರು ಬಿಡುತ್ತಿದ್ದ ನಾಳದ ಕೋಶ ಇನ್ನಷ್ಟು ಜೋರಾಗಿ ಕೂಗುತ್ತದೆ. ಆ ಕೂಗಿಗೆ ಉಳಿದ ಪೆರಿಸೈಟ್‌ಗಳೂ ಹೊರಡುತ್ತವೆ. ಬಂದವರು ಹರಡಿದ ಕೊಲಾಜನ್ ನಾಳಕ್ಕೂ ರಕ್ತಕ್ಕೂ ನಡುವಿನ ಅಂತರವನ್ನು ಹೆಚ್ಚಿಸುತ್ತದೆ, ಆಕ್ಸಿಜನ್ ದಾಟಬೇಕಾದ ದಾರಿ ಉದ್ದವಾಗುತ್ತದೆ. ಕಾಪಾಡಲು ಬಂದವರೇ ಉಸಿರು ಕಟ್ಟಿಸುತ್ತಾರೆ. ಗಾಜಿನ ಪಟ್ಟಿಯ ಮೇಲೆ ನಾಳಗಳು ಒಂದನ್ನೊಂದು ಬಿಟ್ಟು ಸರಿದಿದ್ದು ಕಂಡಿತಲ್ಲ, ಆ ಸಂದಿನಲ್ಲಿ ನಡೆದದ್ದು ಇದು.

ಸೋಸುಂಡೆಯೊಳಗೆ ಬೇರೆಯೇ ನಾಟಕ. ಅಲ್ಲಿನ ರಕ್ತನಾಳಗಳ ಹೊರಮೈಗೆ ಪೋಡೊಸೈಟ್ ಎಂಬ ಕೋಶಗಳು ಬೆರಳು ಹೆಣೆದುಕೊಂಡು ಕೂತಿರುತ್ತವೆ. ಆ ಬೆರಳ ಸಂದಿಯೇ ಜರಡಿಯ ಕಣ್ಣು. ಒಂದು ಉಂಡೆಗೆ ಐನೂರು–ಆರುನೂರು ಪೋಡೊಸೈಟ್‌ಗಳಿರುತ್ತವೆ ಅಷ್ಟೆ. ಅವು ಒಡೆದು ಎರಡಾಗುವುದಿಲ್ಲ, ಹಾಗಾಗಿ ಹೋದದ್ದು ಹೋದಂತೆಯೇ. ಪಕ್ಕದ ಉಂಡೆಗಳು ಸತ್ತಾಗ ಅವುಗಳ ಪಾಲಿನ ರಕ್ತವೂ ಇಲ್ಲಿಗೇ ಬರುತ್ತದೆ. ಒತ್ತಡಕ್ಕೆ ಉಂಡೆ ಉಬ್ಬುತ್ತದೆ. ಇದ್ದಷ್ಟೇ ಪೋಡೊಸೈಟ್‌ಗಳು ಹಿಗ್ಗಿದ ಮೈಯನ್ನು ಮುಚ್ಚಬೇಕು. ಹಿಗ್ಗುತ್ತವೆ, ಹಿಗ್ಗುತ್ತವೆ, ಒಂದು ಹಂತದಲ್ಲಿ ಬೆರಳು ಜಾರಿ ಮೂತ್ರದಲ್ಲಿ ತೇಲಿಹೋಗುತ್ತವೆ. ಬರಿಯಾದ ಜಾಗ ಉಂಡೆಯ ಹೊರಗೋಡೆಗೆ ಅಂಟಿಕೊಳ್ಳುತ್ತದೆ. ಗಟ್ಟಿಗೋಲಿಯಾಗುವುದು ಅಲ್ಲಿಂದ ಶುರು. ಉಳಿದ ಉಂಡೆಗಳು ಇಷ್ಟು ಒತ್ತಡದಿಂದಲೇ ಕೆಡುತ್ತವೆ ಎಂದು ಅಮೆರಿಕದ ಕಿಡ್ನಿ ತಜ್ಞ ಬ್ಯಾರಿ ಬ್ರೆನರ್ ಮತ್ತು ಸಂಗಡಿಗರು 1982ರಲ್ಲಿ ವಾದಿಸಿದ್ದರು. ತಿಂದ ಪ್ರೋಟೀನು ಈ ಒತ್ತಡ ಏರಿಸುತ್ತದೆ ಎಂಬುದೂ ಅವರ ವಾದದ ಭಾಗ. ಮುಂದೆ ಇಲಿಗಳ ಮಾತು ಬಂದಾಗ ಇದು ಬೇಕಾಗುತ್ತದೆ, ನೆನಪಿರಲಿ.

ರಕ್ತದೊತ್ತಡ ಏರಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು, ಸಕ್ಕರೆ ಅಂಟಿ ಗಡುಸಾದ ಕೊಲಾಜನ್, ವಯಸ್ಸಿನೊಂದಿಗೆ ಬರುವ ಸಣ್ಣ ಉರಿಯೂತ, ಎಲ್ಲವೂ ಈ ಬೆಂಕಿಗೆ ಬೀಳುವ ಸೌದೆಗಳೇ. ಒಂದೊಂದನ್ನೂ ಬಿಡಿಸುತ್ತಾ ಕೂತರೆ ಮುಖ್ಯ ಮಾತು ತಪ್ಪುತ್ತದೆ.

ಅರೆಹೊಟ್ಟೆಯ ಇಲಿಗಳು

1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು ಇಲಿಗಳಿಗೆ ಪೋಷಕಾಂಶ ಕಡಿಮೆಯಾಗದಂತೆ ನೋಡಿಕೊಂಡು ಕ್ಯಾಲೊರಿ ಮಾತ್ರ ಕಡಿತ ಮಾಡಿದರು. ಇಲಿಗಳು ಗಾತ್ರದಲ್ಲಿ ಸಣ್ಣವಾಗಿಯೇ ಉಳಿದವು, ಆದರೆ ಬಹಳ ದಿನ ಬದುಕಿದವು. ಕ್ಯಾಲೊರಿ ಕಡಿತ ಅಂದರೆ ಇದೇ: ಬೇಕಾದಷ್ಟು ತಿನ್ನುವಾಗ ಎಷ್ಟು ತಿನ್ನುತ್ತಿದ್ದವೋ ಅದರಲ್ಲಿ 20ರಿಂದ 40 ಪರ್ಸೆಂಟ್ ಕಡಿಮೆ; ವಿಟಮಿನ್ನು, ಲವಣ, ಅಗತ್ಯ ಪ್ರೋಟೀನು ಪೂರ್ತಿ. ಹಸಿವೆಯೇ ಬೇರೆ, ಅಪೌಷ್ಟಿಕತೆಯೇ ಬೇರೆ. ಎರಡನ್ನೂ ಒಂದೇ ಮಾಡಿಕೊಂಡವರು ಮುಂದಿನದ್ದನ್ನು ತಪ್ಪು ಓದಿಕೊಳ್ಳುತ್ತಾರೆ.

ಕಿಡ್ನಿಗೂ ಇದಕ್ಕೂ ಸಂಬಂಧ ಬಂದದ್ದು ಆಕಸ್ಮಿಕವೇನಲ್ಲ. ಪ್ರಯೋಗಾಲಯದ ಗಂಡು ಇಲಿಗಳು, ಅದರಲ್ಲೂ ಫಿಷರ್ 344 ಎಂಬ ತಳಿಯವು, ಮುಪ್ಪಿನಲ್ಲಿ ಸಾಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಕಿಡ್ನಿ ಕೆಡುವುದೂ ಒಂದು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಎಡ್ವರ್ಡ್ ಮಸೊರೊ ಅವರ ತಂಡ 1980ರ ದಶಕದಲ್ಲಿ ಈ ಇಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಕ್ಯಾಲೊರಿ ಕಡಿಮೆ ಮಾಡಿದ ಇಲಿಗಳಲ್ಲಿ ಕಿಡ್ನಿ ಕೆಡುವುದು ಬಹುಮಟ್ಟಿಗೆ ನಿಂತೇಹೋಯಿತು. ಪ್ರೋಟೀನು ಮಾತ್ರ ಕಡಿಮೆ ಮಾಡಿದಾಗಲೂ ಲಾಭ ಕಂಡಿತು, ಆದರೆ ಕ್ಯಾಲೊರಿ ಕಡಿತದಷ್ಟಲ್ಲ. ಮಿಚಿಗನ್ನಿನ ಜೋಸ್ಲಿನ್ ವಿಗ್ಗಿನ್ಸ್ ಮತ್ತು ಸಂಗಡಿಗರು 2005ರಲ್ಲಿ ಅದೇ ತಳಿಯ ಇಲಿಗಳ ಪೋಡೊಸೈಟ್‌ಗಳನ್ನು ಎಣಿಸಿದರು. ಬೇಕಾದಷ್ಟು ತಿಂದವುಗಳಲ್ಲಿ ಮೇಲೆ ಹೇಳಿದ ನಾಟಕ ಅಂಕದಿಂದ ಅಂಕಕ್ಕೆ ನಡೆದಿತ್ತು: ಉಂಡೆ ಉಬ್ಬಿತು, ಪೋಡೊಸೈಟ್ ಹಿಗ್ಗಿತು, ಸೋತಿತು, ಉಂಡೆ ಗಟ್ಟಿಯಾಯಿತು. ಕ್ಯಾಲೊರಿ ಕಡಿತದ ಇಲಿಗಳಲ್ಲಿ ಉಂಡೆ ಉಬ್ಬಲೇ ಇಲ್ಲ. ಮೊದಲ ಅಂಕವೇ ಶುರುವಾಗಲಿಲ್ಲ.

ಇದು ಒತ್ತಡದ ಲೆಕ್ಕವಾಯಿತು. ನಾಳದ ಕೋಶದೊಳಗಿನ ಲೆಕ್ಕ ಇನ್ನೂ ಸ್ವಾರಸ್ಯ. ಪ್ರತಿ ಜೀವಕೋಶಕ್ಕೂ ತನ್ನೊಳಗಿನ ಕಸವನ್ನು ತಾನೇ ತಿಂದು ಕರಗಿಸುವ ಒಂದು ಪದ್ಧತಿ ಇದೆ, ಆಟೋಫೇಜಿ. ಇದರ ಜೀನ್‌ಗಳನ್ನು ಹುಡುಕಿದ ಯೋಶಿನೊರಿ ಒಸುಮಿ ಅವರಿಗೆ 2016ರ ನೊಬೆಲ್ ಬಂತು. ಹಾಳಾದ ಮೈಟೊಕಾಂಡ್ರಿಯವನ್ನು ಒಂದು ಚೀಲದಲ್ಲಿ ಸುತ್ತಿ, ಕರಗಿಸಿ, ಸಾಮಾನು ವಾಪಸು ತೆಗೆದುಕೊಳ್ಳುವುದೂ ಇದೇ. ಕೋಶ ಈ ಕೆಲಸವನ್ನು ಯಾವಾಗ ಮಾಡುತ್ತದೆ? ಹೊರಗಿನಿಂದ ಆಹಾರ ಧಾರಾಳವಾಗಿ ಬರುತ್ತಿರುವಾಗ ಮಾಡುವುದಿಲ್ಲ. ಎಂಟಾರ್ ಎಂಬ ಸಂವೇದಕ ಅಮೈನೊ ಆಮ್ಲ ಮತ್ತು ಇನ್ಸುಲಿನ್ ಇದ್ದಾಗ ಚುರುಕಾಗಿ, ಬೆಳೆ, ಕಟ್ಟು, ಕಸದ ಗೊಡವೆ ಬೇಡ ಅನ್ನುತ್ತದೆ. ಶಕ್ತಿ ಕಡಿಮೆಯಾದಾಗ ಎಎಂಪಿಕೆ, ಸರ್ಟ್-1 ಎಂಬ ಬೇರೆ ಸಂವೇದಕಗಳು ಏಳುತ್ತವೆ, ಎಂಟಾರ್‌ನ ಬಾಯಿ ಮುಚ್ಚಿಸುತ್ತವೆ. ಆಗ ಕಸ ಗುಡಿಸುವ ಕೆಲಸ ಶುರು.

2010ರಲ್ಲಿ ಜಪಾನಿನ ಶಿಂಜಿ ಕುಮೆ ಮತ್ತು ಸಂಗಡಿಗರು ನಡುವಯಸ್ಸಿನ ಇಲಿಗಳಿಗೆ ಒಂದು ವರ್ಷ 40 ಪರ್ಸೆಂಟ್ ಕ್ಯಾಲೊರಿ ಕಡಿಮೆ ಕೊಟ್ಟು, ಮುದಿಯಾದ ಮೇಲೆ ಕಿಡ್ನಿ ತೆರೆದು ನೋಡಿದರು. ಹೊಟ್ಟೆ ತುಂಬ ತಿಂದ ಇಲಿಗಳ ನಾಳದ ಕೋಶಗಳಲ್ಲಿ ಊದಿದ, ಒಳಮಡಿಕೆ ಅಳಿಸಿದ ಮೈಟೊಕಾಂಡ್ರಿಯಗಳು. ಆಕ್ಸಿಜನ್ ಕಡಿಮೆಯಾದಾಗ ಎದ್ದು ಕಸ ಗುಡಿಸಬೇಕಾದ ಆಟೋಫೇಜಿ ಏಳಲೇ ಇಲ್ಲ. ಕಡಿತದ ಇಲಿಗಳಲ್ಲಿ ಸರ್ಟ್-1 ಚುರುಕಾಗಿತ್ತು, ಅದು ಫಾಕ್ಸೊ-3 ಎಂಬ ಸ್ವಿಚ್ಚನ್ನು ಒತ್ತಿ ಆಟೋಫೇಜಿಯನ್ನು ಎಬ್ಬಿಸಿತ್ತು. ಹಳೆಯ ಕಿಡ್ನಿಯಲ್ಲಿ ಲೋಮನಾಳಗಳು ಕಡಿಮೆಯಾಗಿ ಆಕ್ಸಿಜನ್ ಕೊರತೆ ಬರುತ್ತದೆ ಎಂದೆನಲ್ಲ, ಆ ಕೊರತೆಯನ್ನು ತಾಳಿಕೊಳ್ಳುವ ಶಕ್ತಿಯೇ ಇಲ್ಲಿ ವಾಪಸು ಬಂದದ್ದು. ಕೋಶ ತಾಳಿಕೊಂಡರೆ ಕೂಗುವುದಿಲ್ಲ. ಕೂಗದಿದ್ದರೆ ಪೆರಿಸೈಟ್ ಜಾಗ ಬಿಡುವುದಿಲ್ಲ. ನಾರಿನ ಕಾರ್ಖಾನೆಗೆ ಬೀಗ ಜಡಿಯುವುದಲ್ಲ, ಆರ್ಡರ್ ಬರುವುದನ್ನೇ ತಪ್ಪಿಸುವುದು. ಕ್ಯಾಲೊರಿ ಕಡಿತದ ಮುಖ್ಯ ಗುಟ್ಟು ಇದೇ ಎಂದು ನನ್ನ ಎಣಿಕೆ.

ಇದರಿಂದಲೇ ಅದರ ಮಿತಿಯೂ ತಿಳಿಯುತ್ತದೆ. ಗಟ್ಟಿಗೋಲಿಯಾದ ಸೋಸುಂಡೆ ಅರೆಹೊಟ್ಟೆಗೆ ಹೆದರಿ ಮತ್ತೆ ಮೆತ್ತಗಾಗುವುದಿಲ್ಲ. ಅಡ್ಡಡ್ಡ ಬೆಸೆದುಕೊಂಡ ಹಳೆಯ ಕೊಲಾಜನ್ನನ್ನು ಕತ್ತರಿಸುವುದು ಕಿಣ್ವಗಳಿಗೂ ಕಷ್ಟ. ಕಡಿತ ತಡೆಯುತ್ತದೆ, ನಿಧಾನ ಮಾಡುತ್ತದೆ, ಅಳಿಸುವುದಿಲ್ಲ.

ಹೊಟ್ಟೆ ತುಂಬ ತಿಂದ ಇಲಿ ಆರೋಗ್ಯವಂತ ಇಲಿಯೇ?

ಇಲ್ಲಿ ನನಗೊಂದು ತಕರಾರಿದೆ. ಪ್ರಯೋಗಾಲಯದ ಇಲಿ ಸಣ್ಣ ಪಂಜರದಲ್ಲಿ ಓಡಾಟವಿಲ್ಲದೆ, ಹಗಲೂ ರಾತ್ರಿ ಮುಂದಿರುವ ಗುಳಿಗೆಯಂಥ ಆಹಾರವನ್ನು ಬೇಕಾದಾಗ ತಿನ್ನುತ್ತಾ ಬೆಳೆಯುತ್ತದೆ. ಆ ಆಹಾರದಲ್ಲಿ ಪ್ರೋಟೀನು ಧಾರಾಳ. ಮಸೊರೊ ತಂಡವೇ ಮುಂದೆ ಹಾಲಿನ ಪ್ರೋಟೀನಿನ ಬದಲು ಸೋಯಾ ಪ್ರೋಟೀನು ಕೊಟ್ಟು ನೋಡಿತು. ಅಷ್ಟಕ್ಕೇ ಕಿಡ್ನಿ ಕೆಡುವುದು ಗಣನೀಯವಾಗಿ ಕಡಿಮೆಯಾಯಿತು. ಹಾಗಾದರೆ ಕ್ಯಾಲೊರಿ ಕಡಿತ ಮುಪ್ಪನ್ನು ತಡೆದದ್ದೋ, ಅತಿಯಾಗಿ ತಿನ್ನುವ ರೋಗವನ್ನು ತಡೆದದ್ದೋ?

ಕೋತಿಗಳ ಪ್ರಯೋಗ ಈ ಅನುಮಾನವನ್ನು ಗಟ್ಟಿ ಮಾಡುತ್ತದೆ. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ರೀಸಸ್ ಕೋತಿಗಳ ಮೇಲೆ ಎರಡು ಕಡೆ ಕ್ಯಾಲೊರಿ ಕಡಿತ ಶುರುವಾಯಿತು. ವಿಸ್ಕಾನ್ಸಿನ್‌ನಲ್ಲಿ ಕಡಿತದ ಕೋತಿಗಳು ಹೆಚ್ಚು ಬದುಕಿದವು. ರಾಷ್ಟ್ರೀಯ ಮುಪ್ಪಿನ ಸಂಸ್ಥೆಯಲ್ಲಿ, 2012ರ ವರದಿಯ ಪ್ರಕಾರ, ಆಯುಸ್ಸಿನಲ್ಲಿ ವ್ಯತ್ಯಾಸವಿರಲಿಲ್ಲ. ಎರಡರ ತಟ್ಟೆ ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ವಿಸ್ಕಾನ್ಸಿನ್‌ನ ಆಹಾರದಲ್ಲಿ ಸಕ್ಕರೆಯೇ ಸುಮಾರು 28 ಪರ್ಸೆಂಟ್, ಕಡಿತವಿಲ್ಲದ, ಹೋಲಿಕೆಯ ಕೋತಿಗಳು ಬೇಕಾದಷ್ಟು ತಿನ್ನುತ್ತಿದ್ದವು. ಇನ್ನೊಂದು ಕಡೆ ಸಕ್ಕರೆ 4 ಪರ್ಸೆಂಟ್, ಹೋಲಿಕೆಯ ಕೋತಿಗಳಿಗೂ ಅಳೆದೇ ಹಾಕುತ್ತಿದ್ದರು. 2017ರಲ್ಲಿ ಎರಡೂ ತಂಡಗಳು ಅಂಕಿಅಂಶ ಕೂಡಿಸಿ ನೋಡಿ, ಕಡಿತದಿಂದ ಲಾಭವಿದೆ, ಆದರೆ ಯಾವ ವಯಸ್ಸಿನಲ್ಲಿ ಶುರು ಮಾಡಿದರು, ಏನು ತಿನ್ನಿಸಿದರು ಎಂಬುದರ ಮೇಲೆ ಅದು ನಿಂತಿದೆ ಅಂದವು. ಅತಿಯಿಂದ ಮಿತಕ್ಕೆ ಬಂದಾಗ ಸಿಗುವ ಲಾಭ ದೊಡ್ಡದು. ಮಿತದಿಂದ ಇನ್ನೂ ಕೆಳಗಿಳಿದರೆ ಸಿಗುವುದು ಅಷ್ಟಕ್ಕಷ್ಟೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಮನುಷ್ಯರಲ್ಲಿ ನಡೆದ ದೊಡ್ಡ ಪ್ರಯೋಗ ಕ್ಯಾಲರಿ (CALERIE) ಎಂಬ ಹೆಸರಿನದ್ದು. ಬೊಜ್ಜಿಲ್ಲದ 218 ಮಂದಿ, ಎರಡು ವರ್ಷ. ಕಡಿತದ ಗುಂಪಿಗೆ ಗುರಿ 25 ಪರ್ಸೆಂಟ್. ಬೆನ್ನಹಿಂದೆ ತಜ್ಞರಿದ್ದರೂ ಸಾಧ್ಯವಾದದ್ದು ಸುಮಾರು 12. ಮನುಷ್ಯನ ಹೊಟ್ಟೆಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ಅಂಕಿ ಇನ್ನೊಂದಿಲ್ಲ. ಆದರೂ ತೂಕ ಸುಮಾರು 10 ಪರ್ಸೆಂಟ್ ಇಳಿಯಿತು, ರಕ್ತದೊತ್ತಡ, ಕೊಲೆಸ್ಟರಾಲ್, ಇನ್ಸುಲಿನ್ನಿನ ಕೆಲಸ ಸುಧಾರಿಸಿದವು. ಈ ಮೂರೂ ಕಿಡ್ನಿಗೆ ಒಳ್ಳೆಯ ಸುದ್ದಿಯೇ. ಜೊತೆಗೆ ಮೂಳೆಯ ಸಾಂದ್ರತೆಯೂ ಸ್ನಾಯುವೂ ಸ್ವಲ್ಪ ಇಳಿದವು.

ಕ್ರಿಯೇಟಿನಿನ್ ಹೇಳುವ ಸಿಹಿಸುಳ್ಳು

ಸ್ನಾಯು ಇಳಿಯುವುದು ಕಿಡ್ನಿಯ ಲೆಕ್ಕದಲ್ಲಿ ಒಂದು ಬಲೆ. ರಕ್ತದ ಕ್ರಿಯೇಟಿನಿನ್ ನೋಡಿ ಕಿಡ್ನಿ ಹೇಗಿದೆ ಎಂದು ನಾವೆಲ್ಲ ಊಹಿಸುವುದು. ಅದು ಬರುವುದು ಸ್ನಾಯುವಿನಿಂದ, ಹೊರಹೋಗುವುದು ಕಿಡ್ನಿಯಿಂದ. 68 ವರ್ಷದ ಒಬ್ಬ ಹಿರಿಯರನ್ನು ಊಹಿಸಿಕೊಳ್ಳಿ. ಕ್ರಿಯೇಟಿನಿನ್ 1.3 ಇದೆ ಎಂದು ಗಾಬರಿಯಾಗಿ ಎರಡು ಹೊತ್ತಿನ ಊಟವನ್ನು ಒಂದು ಹೊತ್ತಿಗೆ ಇಳಿಸುತ್ತಾರೆ. ಎಂಟು ತಿಂಗಳಲ್ಲಿ ತೋಳು, ತೊಡೆ ಸೊರಗುತ್ತವೆ. ಮತ್ತೆ ಪರೀಕ್ಷೆ ಮಾಡಿಸಿದರೆ 1.1. ಮನೆಯವರಿಗೆಲ್ಲ ಖುಷಿ. ಕಿಡ್ನಿಯಲ್ಲಿ ಏನೂ ಬದಲಾಗಿರದೆ ಇರಬಹುದು. ಕ್ರಿಯೇಟಿನಿನ್ ತಯಾರಿಸುವ ಸ್ನಾಯುವೇ ಕರಗಿದ್ದರಿಂದ ಅಂಕಿ ಇಳಿದಿರಬಹುದು. ಕಿಡ್ನಿ ಇನ್ನಷ್ಟು ಕೆಟ್ಟಿದ್ದರೂ ಈ ಅಂಕಿ ಅದನ್ನು ಮುಚ್ಚಿಡಬಲ್ಲದು. ತೂಕ ಇಳಿಸಿದವರಲ್ಲಿ, ತೀರ ಸಣಕಲು ಮುದುಕರಲ್ಲಿ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ಪರೀಕ್ಷೆ ಹೆಚ್ಚು ನಂಬಿಕೆಯದ್ದು, ಏಕೆಂದರೆ ಅದು ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಎಷ್ಟು ಸೋರುತ್ತಿದೆ ಎಂಬುದನ್ನೂ ನೋಡಿಸಬೇಕು; ಪೋಡೊಸೈಟ್‌ಗಳ ಬೆರಳು ಜಾರುತ್ತಿದೆಯೇ ಎಂದು ಹೇಳುವುದು ಅದೇ.

ಈಗಾಗಲೇ ಕಿಡ್ನಿ ಕೆಟ್ಟವರಿಗಂತೂ ಊಟ ಬಿಡುವುದು ಅಪಾಯ. ಕಾಯಿಲೆ ಮುಂದುವರಿದಂತೆ ಹಸಿವು ತಾನಾಗಿಯೇ ಸಾಯುತ್ತದೆ, ದೇಹ ತನ್ನ ಸ್ನಾಯುವನ್ನೇ ಸುಡತೊಡಗುತ್ತದೆ. ಅಂಥ ಸ್ಥಿತಿ ಬಂದವರು ಬೇಗ ಸಾಯುತ್ತಾರೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರ್ ಕುಸಿಯುವ ಭಯ ಬೇರೆ. ಪ್ರೋಟೀನು ಎಷ್ಟು, ಕ್ಯಾಲೊರಿ ಎಷ್ಟು ಎಂಬುದನ್ನು ಅವರ ಕಿಡ್ನಿ ವೈದ್ಯರೂ ಆಹಾರ ತಜ್ಞರೂ ಕೂತು ಗೊತ್ತುಮಾಡಬೇಕು. ಇಲಿಯ ಪ್ರಯೋಗ ಓದಿ ತಾವೇ ಗೊತ್ತುಮಾಡಿಕೊಳ್ಳುವ ವಿಷಯ ಅಲ್ಲ.

ಕೆಲವು ದಿನ ಮಾತ್ರ ಕಡಿಮೆ ತಿಂದರೆ? ಇಲಿಗಳಲ್ಲಿ ಇದು ಬೆರಗು ಹುಟ್ಟಿಸುವಷ್ಟು ಕೆಲಸ ಮಾಡುತ್ತದೆ: ಎರಡು–ನಾಲ್ಕು ವಾರದ ಕಡಿತ, ಇಲ್ಲವೆ ಮೂರು ದಿನದ ಪೂರ್ಣ ಉಪವಾಸ, ಆಮೇಲೆ ಕಿಡ್ನಿಗೆ ರಕ್ತ ನಿಲ್ಲಿಸಿ ಮತ್ತೆ ಹರಿಯಬಿಟ್ಟರೂ ಹಾನಿ ಬಹಳ ಕಡಿಮೆ. ಇದನ್ನು ನಂಬಿ ಜರ್ಮನಿಯಲ್ಲಿ ಹೃದಯದ ಆಪರೇಷನ್ನಿಗೆ ಮುಂಚೆ 82 ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಏಳು ದಿನ 60 ಪರ್ಸೆಂಟ್ ಕ್ಯಾಲೊರಿ ಮಾತ್ರ. 2018ರ ವರದಿ: ಆಪರೇಷನ್ ಆದ ಮರುದಿನದ ಕ್ರಿಯೇಟಿನಿನ್ ಏರಿಕೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇಲಿಯ ಒಂದು ವಾರ, ಎರಡು–ಮೂರು ವರ್ಷದ ಆಯುಸ್ಸಿನಲ್ಲಿ ಒಂದು ವಾರ. ಮನುಷ್ಯನಿಗೆ ಅದು ಕಣ್ಣುಮಿಟುಕಿಸಿದಷ್ಟು.

ಬೊಜ್ಜಿದ್ದವರ ಮಾತು ಬೇರೆ. ಅತಿ ತೂಕ ಸೋಸುಂಡೆಗಳನ್ನು ಉಬ್ಬಿಸುತ್ತದೆ, ತೂಕ ಇಳಿದರೆ ಮೂತ್ರದಲ್ಲಿ ಸೋರುವ ಪ್ರೋಟೀನು ಕಡಿಮೆಯಾಗುತ್ತದೆ. ಹೊಟ್ಟೆ ತುಂಬ ತಿಂದ ಇಲಿಗೆ ನಿಜವಾಗಿ ಹೋಲುವ ಮನುಷ್ಯರು ಇವರೇ.

ಊಟ ಬಿಡದೆಯೇ ಊಟ ಬಿಟ್ಟ ಭ್ರಮೆ ಹುಟ್ಟಿಸುವ ಔಷಧಿಯೂ ಒಂದು ಬಗೆಯಲ್ಲಿ ಬಂದಾಗಿದೆ. ಎಸ್‌ಜಿಎಲ್‌ಟಿ-2 ಎಂಬ ಪ್ರೋಟೀನನ್ನು ತಡೆಯುವ ಮಾತ್ರೆಗಳು ನಾಳದ ಆ ಮೊದಲ ತುಂಡು ಸಕ್ಕರೆಯನ್ನು ವಾಪಸು ಎಳೆದುಕೊಳ್ಳದಂತೆ ಮಾಡುತ್ತವೆ; ಮಧುಮೇಹಿಗಳಲ್ಲಿ ದಿನಕ್ಕೆ 60ರಿಂದ 80 ಗ್ರಾಂ ಗ್ಲೂಕೋಸ್ ಮೂತ್ರದಲ್ಲಿ ಹೋಗುತ್ತದೆ. ಸೋಸುಂಡೆಯ ಒತ್ತಡವೂ ಇಳಿಯುತ್ತದೆ. 2020ರಲ್ಲಿ ಅಂಥದೊಂದು ಮಾತ್ರೆಯಾದ ಡಪಾಗ್ಲಿಫ್ಲೋಜಿನ್ ಮೇಲೆ 4,304 ಕಿಡ್ನಿ ರೋಗಿಗಳಲ್ಲಿ ನಡೆದ ಪ್ರಯೋಗದ ಫಲ ಬಂತು: ಕಿಡ್ನಿ ತೀವ್ರವಾಗಿ ಕುಸಿಯುವುದು, ವಿಫಲವಾಗುವುದು, ಕಿಡ್ನಿ ಇಲ್ಲವೆ ಹೃದಯದಿಂದ ಸಾವು ಬರುವುದು, ಇವೆಲ್ಲ ಸೇರಿ 39 ಪರ್ಸೆಂಟ್ ಕಡಿಮೆ. ಮಧುಮೇಹ ಇಲ್ಲದವರಲ್ಲೂ ಲಾಭ ಕಂಡಿತು. ಸಕ್ಕರೆ ಕಳೆದುಕೊಂಡ ದೇಹ ಉಪವಾಸವಿದ್ದಂತೆ ವರ್ತಿಸಿ ಸರ್ಟ್-1, ಎಎಂಪಿಕೆಗಳನ್ನು ಎಬ್ಬಿಸುತ್ತದೆ, ಆಟೋಫೇಜಿ ಶುರುವಾಗುತ್ತದೆ, ಲಾಭದ ಒಂದು ಪಾಲು ಅಲ್ಲಿಂದ ಎಂದು ವಾದಿಸುವವರಿದ್ದಾರೆ. ಎಲ್ಲವೂ ಒತ್ತಡ ಇಳಿದದ್ದರಿಂದಲೇ ಅನ್ನುವವರೂ ಇದ್ದಾರೆ. ಬ್ರೆನರ್‌ನ ಒತ್ತಡ, ಕುಮೆಯ ಆಟೋಫೇಜಿ: ಇಲಿಗಳಲ್ಲಿ ಶುರುವಾದ ಅದೇ ಜಗಳ ಈಗ ಔಷಧಿಯ ಅಂಗಡಿಗೆ ಬಂದು ನಿಂತಿದೆ.

ಜಗಳ ಬೇಗ ತೀರದಿರುವುದಕ್ಕೆ ಒಂದು ಸರಳ ಕಾರಣವಿದೆ. ನಾರು ಎಷ್ಟಿದೆ ಎಂದು ಖಚಿತವಾಗಿ ಹೇಳಲು ಇವತ್ತಿಗೂ ಬೇಕಾದದ್ದು ಆ ಗಾಜಿನ ಪಟ್ಟಿ, ಆ ನೀಲಿ ಬಣ್ಣ. ಕ್ಯಾಲರಿ ಪ್ರಯೋಗದವರು ಸ್ವಯಂಸೇವಕರ ಸ್ನಾಯುವಿನಿಂದ ಚೂರು ತೆಗೆದರು, ಕೊಬ್ಬಿನಿಂದ ತೆಗೆದರು. ಗಟ್ಟಿಮುಟ್ಟಾಗಿರುವವರ ಕಿಡ್ನಿಗೆ, ಎರಡೂ ಸೇರಿ ನಿಮಿಷಕ್ಕೆ ಲೀಟರಿನಷ್ಟು ರಕ್ತ ಹರಿಯುವ ಅಂಗಕ್ಕೆ, ಕುತೂಹಲಕ್ಕಾಗಿ ಸೂಜಿ ಚುಚ್ಚುವ ಧೈರ್ಯ ಯಾರಿಗೂ ಸುಲಭಕ್ಕೆ ಬರುವುದಿಲ್ಲ.